ಸಿಟ್ಜಸ್‌ನ ಹಬ್ಬಗಳು: ಯಾವ ತಿಂಗಳಲ್ಲಿ ಹೋಗಬೇಕು?

ಪ್ರಶ್ನೆ: ನಮ್ಮ ಮಗಳು ಸ್ಪೇನ್‌ನ ಬಾರ್ಸಿಲೋನಾದಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡಲು ಹೋದಾಗ ಹತ್ತಿರದ ಕಡಲೂರಾದ ಸಿಟ್ಜಸ್‌ನಲ್ಲಿ ಊರಿನವರೇ ಆಚರಿಸುವ ಸಾಂಪ್ರದಾಯಿಕ ಹಬ್ಬವೊಂದನ್ನು ನೋಡಬೇಕೆಂಬ ಆಸೆಯಿದೆ. ಅಲ್ಲಿ ವರ್ಷವಿಡೀ ಯಾವ ಹಬ್ಬಗಳು ನಡೆಯುತ್ತವೆ? ಒಂದೇ ಸಲ ಹೋಗುವವರಿಗೆ ಯಾವುದು ಸೂಕ್ತ?
– ಓದುಗರೊಬ್ಬರು, ಧಾರವಾಡ

ಉತ್ತರ: ಒಂದೇ ಸಲ ಹೋಗುವುದಾದರೆ ಆಗಸ್ಟ್ 23 ಮತ್ತು 24ರಂದು ಅಲ್ಲಿರುವಂತೆ ಪ್ರಯಾಣವನ್ನು ಹೊಂದಿಸಿಕೊಳ್ಳಿ. ಸಿಟ್ಜಸ್ ಎಂದೊಡನೆ ಹೆಚ್ಚಿನವರು ಕಾರ್ನಿವಲ್‌ನ ಹೆಸರು ಹೇಳುತ್ತಾರೆ. ಆದರೆ ಊರು ತನ್ನದೆಂದು ಎದೆಗೊತ್ತಿಕೊಂಡಿರುವುದು ಪಾಲಕ ಸಂತ ಬಾರ್ತೊಲೊಮಿಯೊನ ಹೆಸರಿನಲ್ಲಿ ನಡೆಯುವ ‘ಫೆಸ್ತಾ ಮಜೋರ್’ ಎಂಬ ಊರಹಬ್ಬವನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಲ್ಲಿನ ಹಬ್ಬಗಳಲ್ಲಿ ಕೆಲವಕ್ಕೆ ತಾರೀಖು ಖಾಯಂ, ಕೆಲವು ಚಂದ್ರನ ಲೆಕ್ಕಕ್ಕೆ ಸೇರಿದವು. ಮಾರ್ಚ್ 21ರಂದು ಅಥವಾ ಅನಂತರ ಬರುವ ಮೊದಲ ಹುಣ್ಣಿಮೆಯ ಮುಂದಿನ ಭಾನುವಾರ ಈಸ್ಟರ್. 2026ರಲ್ಲಿ ಅದು ಏಪ್ರಿಲ್ 5ರಂದು, 2027ರಲ್ಲಿ ಮಾರ್ಚ್ 28ರಂದು ಬರುತ್ತದೆ. ಕಾರ್ನಿವಲ್ ಅದಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಆರಂಭವಾಗುವ ಹೊತ್ತಿಗೆ ಮುಗಿಯಬೇಕು, ಯೇಸುವಿನ ದೇಹವೆಂದು ನಂಬುವ ಪವಿತ್ರ ರೊಟ್ಟಿಯನ್ನು ಗೌರವಿಸುವ ಪರಮ ಪ್ರಸಾದದ ಹಬ್ಬ ಈಸ್ಟರ್ ಆಗಿ ಸುಮಾರು ಎರಡು ತಿಂಗಳಿಗೆ ಬರುತ್ತದೆ. ಆದ್ದರಿಂದ ಈ ಎರಡನ್ನು ನೋಡಬಯಸುವವರು ಆಯಾ ವರ್ಷದ ಈಸ್ಟರ್ ತಾರೀಖನ್ನು ತಿಳಿದುಕೊಂಡೇ ಟಿಕೆಟ್ ತೆಗೆಯಬೇಕು.

ವರ್ಷದ ಮೊದಲ ಸಂಭ್ರಮ ಜನವರಿ 5ರ ಸಂಜೆ ನಡೆಯುವ, ಬಾಲಯೇಸುವನ್ನು ಕಾಣಲು ಬಂದ ಮೂರು ರಾಯರ ಮೆರವಣಿಗೆ. ಮಕ್ಕಳಿಗೆ ಉಡುಗೊರೆ ತರುವವರು ಇವರೇ ಎಂಬುದು ಸ್ಪೇನ್‌ನ ನಂಬಿಕೆ. ಕಾರ್ನಿವಲ್ ಒಂದು ಗುರುವಾರ ‘ಕಾರ್ನೆಸ್ತೋಲ್ತೆಸ್’ ಎಂಬ ಅಣಕು ರಾಜನ ಆಗಮನದಿಂದ ಶುರುವಾಗಿ, ಭಾನುವಾರ ಮತ್ತು ಮಂಗಳವಾರ ರಾತ್ರಿಯ ದೊಡ್ಡ ಮೆರವಣಿಗೆಗಳನ್ನು ದಾಟಿ, ತಪಸ್ಸುಕಾಲದ ಮೊದಲ ದಿನವಾದ ವಿಭೂತಿ ಬುಧವಾರ ‘ಸಾರ್ಡೀನ್ ಮೀನಿನ ಅಂತ್ಯಕ್ರಿಯೆ’ಯೊಂದಿಗೆ ಮುಗಿಯುತ್ತದೆ. ಫ್ರಾಂಕೋ ಸರ್ವಾಧಿಕಾರದ ಕಾಲದಲ್ಲಿ ದೇಶದಾದ್ಯಂತ ಕಾರ್ನಿವಲ್‌ಗೆ ನಿಷೇಧವಿತ್ತು. 1975ರಲ್ಲಿ ಅವನು ಸತ್ತ ಮೇಲೆ ಅದು ಬಹಿರಂಗವಾಗಿ ಬೀದಿಗೆ ಮರಳಿತು. ಇಂದಿನ ಆ ಅಬ್ಬರದ ಹಿಂದೆ ಈ ಇತಿಹಾಸವಿದೆ.

ಪರಮ ಪ್ರಸಾದದ ಹಬ್ಬದಂದು ಹಳೆಯ ಊರಿನ ಇಕ್ಕಟ್ಟಾದ ಬೀದಿಗಳಲ್ಲಿ ನೆರೆಹೊರೆಯವರು ಒಟ್ಟಾಗಿ ಕುಳಿತು, ನೆಲದ ಮೇಲೆ ಬರೆದುಕೊಂಡ ವಿನ್ಯಾಸದೊಳಗೆ ಹೂವಿನ ಎಸಳುಗಳನ್ನು ತುಂಬಿ ಉದ್ದನೆಯ ಹೂಹಾಸು ನಿರ್ಮಿಸುತ್ತಾರೆ. ಮೆರವಣಿಗೆ ಸಾಗುವುದು ಅದರ ಮೇಲೆಯೇ. ಜೂನ್ 23ರ ರಾತ್ರಿ ಸಂತ ಜಾನ್‌ನ ಹೆಸರಿನಲ್ಲಿ ಬೆಂಕಿ ಹಾಕಿ ಪಟಾಕಿ ಸುಡುತ್ತಾರೆ.

ಈಗ ಊರಹಬ್ಬಕ್ಕೆ ಬರೋಣ. ಆಗಸ್ಟ್ 23ರ ಮಧ್ಯಾಹ್ನದಿಂದ ಊರಿನ ಕುಣಿತದ ತಂಡಗಳು ಒಂದರ ಹಿಂದೊಂದು ಬೀದಿಗಿಳಿಯುತ್ತವೆ: ಮರದ ಚೌಕಟ್ಟಿನೊಳಗೆ ಒಬ್ಬ ಹೊಕ್ಕು ಹೊತ್ತು ಕುಣಿಸುವ, ನಮ್ಮ ಗಾರುಡಿ ಗೊಂಬೆಗಳನ್ನು ನೆನಪಿಸುವ ದೈತ್ಯ ರಾಜರಾಣಿಯರು, ಕಿಡಿಯುಗುಳುವ ಡ್ರಾಗನ್, ಹದ್ದು, ತಾಳಕ್ಕೆ ಕೋಲು ತಾಗಿಸುವವರು, ಜೊತೆಗೆ ಶಹನಾಯಿಯ ಜಾತಿಗೆ ಸೇರಿದ ‘ಗ್ರಾಲ್ಲಾ’ ಎಂಬ ವಾದ್ಯದ ತೀಕ್ಷ್ಣವಾದ ದನಿ. ‘ಮೊಶಿಗಂಗಾ’ ಎಂಬ ತಂಡದವರು ಒಬ್ಬರ ಮೇಲೊಬ್ಬರು ನಿಂತು, ದೇಹಗಳಿಂದಲೇ ಕ್ರಿಸ್ತನ ಯಾತನೆಯ ದೃಶ್ಯಗಳನ್ನು ಕಟ್ಟುತ್ತಾರೆ. ಗದ್ದಲದ ನಡುವೆ ಇಷ್ಟು ಗಂಭೀರವಾದ ಭಕ್ತಿಯನ್ನು ಕಾಣುವುದು ಅಪರೂಪ, ಇದನ್ನು ತಪ್ಪಿಸಿಕೊಳ್ಳಬೇಡಿ. ಕ್ಯಾಟಲೋನಿಯಾದ ಮಾನವ ಗೋಪುರಗಳ ಪರಂಪರೆ ಇದಕ್ಕೆ ಹತ್ತಿರದ್ದು; ಅದು 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ರಾತ್ರಿ ಹನ್ನೊಂದಕ್ಕೆ ಕಡಲಿಗೆ ಚಾಚಿದ ಬಂಡೆಯ ಮೇಲಿನ ಇಗರ್ಜಿಯ ಬಳಿಯಿಂದ ಬಾಣಬಿರುಸುಗಳು ಹಾರುತ್ತವೆ. ಇದೆಲ್ಲವನ್ನೂ ನಡೆಸುವವರು ಊರಿನ ಸಾಮಾನ್ಯ ಜನರೇ ಎಂಬುದನ್ನು ಮರೆಯಬಾರದು.

‘ದೆವ್ವಗಳ’ ತಂಡ ಬೆಂಕಿಯ ಕಿಡಿ ಹಾರಿಸುತ್ತಾ ಜನರ ನಡುವೆಯೇ ನುಗ್ಗುವುದರಿಂದ ಹತ್ತಿ ಬಟ್ಟೆ ಧರಿಸಿ, ತಲೆಗೆ ಟೊಪ್ಪಿ ಹಾಕಿ. ಸಿಂಥೆಟಿಕ್ ಸೀರೆ ಮತ್ತು ದುಪಟ್ಟಾ ಖಂಡಿತ ಬೇಡ. ಬಾರ್ಸಿಲೋನಾದಿಂದ ಸಿಟ್ಜಸ್ ಸುಮಾರು 35 ಕಿಲೋಮೀಟರ್, ಲೋಕಲ್ ರೈಲಿದೆ.

ಆಗಸ್ಟ್‌ನಲ್ಲಿ ಆಗದಿದ್ದರೆ ಸೆಪ್ಟೆಂಬರ್ 23ರ ಸಂತ ತೆಕ್ಲಾಳ ಹಬ್ಬಕ್ಕೆ ಹೋಗಬಹುದು. ಅದೇ ಕುಣಿತಗಳು ಸಣ್ಣ ಪ್ರಮಾಣದಲ್ಲಿ ಮತ್ತೆ ಕಾಣಸಿಗುತ್ತವೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಹಬ್ಬದ ತಿನಿಸುಗಳಲ್ಲಿ ನಮಗೆ ಏನಾದರೂ ಸಿಗುತ್ತದೆಯೇ?
– ಅದೇ ಓದುಗರು

ಉತ್ತರ: ಕಾರ್ನಿವಲ್ ಕಾಲದ ಪ್ರಸಿದ್ಧ ‘ಶತೋ’ ನೋಡಲು ಸೊಪ್ಪಿನ ಕೋಸಂಬರಿಯಂತಿದ್ದರೂ ಅದರಲ್ಲಿ ಮೀನು ಸೇರಿರುತ್ತದೆ, ಆದ್ದರಿಂದ ಅದು ನಿಮಗಲ್ಲ. ನವೆಂಬರ್ 1ರ ಸಕಲ ಸಂತರ ಹಬ್ಬದ ಹೊತ್ತಿಗೆ ಬೀದಿಯಲ್ಲೇ ಸುಟ್ಟು ಕೊಡುವ ಚೆಸ್ಟ್‌ನಟ್ ಕಾಯಿ ಮತ್ತು ಗೆಣಸನ್ನು ನಿಶ್ಚಿಂತೆಯಿಂದ ತಿನ್ನಬಹುದು. ಬಾದಾಮಿ ಹಿಟ್ಟು ಮತ್ತು ಸಕ್ಕರೆಯ ‘ಪನೆಲ್ಲೆತ್ಸ್’ ಉಂಡೆಗಳಿಗೆ ಸಾಮಾನ್ಯವಾಗಿ ಮೊಟ್ಟೆ ಸವರುತ್ತಾರೆ, ಸಂತ ಜಾನ್ ರಾತ್ರಿಯ ‘ಕೋಕಾ’ ಎಂಬ ಸಿಹಿ ಬ್ರೆಡ್ಡಿನಲ್ಲೂ ಮೊಟ್ಟೆಯಿರುತ್ತದೆ. ಮೊಟ್ಟೆಯೂ ಆಗದಿದ್ದರೆ, ಬ್ರೆಡ್ಡಿನ ಮೇಲೆ ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಹಾಕಿ ಕೊಡುವ ‘ಪಾ ಆಂಬ್ ತುಮಾಕೆಟ್’ ಅನ್ನು ಕೇಳಿ ಪಡೆಯಿರಿ. ಅದು ಹಬ್ಬದ ತಿನಿಸಲ್ಲ, ಆದರೆ ಯಾವ ತಿಂಗಳು ಹೋದರೂ ಸಿಗುತ್ತದೆ.