ಬೋರ್‌ವೆಲ್ ಕರೆಂಟ್ ಬಿಲ್: ಪಂಚಾಯಿತಿ ಅಧ್ಯಕ್ಷರ ಪ್ರಶ್ನೆಗೆ

ಅಧ್ಯಕ್ಷರೇ, ನಮಸ್ಕಾರ. ಬೋರ್‌ವೆಲ್, ಬೀದಿದೀಪದ ಕರೆಂಟ್ ಬಿಲ್ಲಿಗೇ ಅನುದಾನ ಕರಗುತ್ತಿದೆ, ಮನವಿ ಕೊಟ್ಟರೂ ಮೇಲೆ ಯಾರೂ ಕೇಳುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ.

ಬರೀ ಮನವಿ ಪತ್ರ ಟಪಾಲಿನಲ್ಲೇ ಮಲಗುತ್ತದೆ. ಮೊದಲು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಕೂತು ಪ್ರತಿ ಆರ್‌ಆರ್ ನಂಬರಿಗೂ (ಕರೆಂಟ್ ಸಂಪರ್ಕದ ನಂಬರ್) ಒಂದೊಂದು ಸಾಲು ಬರೆಸಿ: ಯಾವ ಬೋರ್‌ವೆಲ್, ಮೀಟರ್ ಓಡುತ್ತಿದೆಯಾ, ಬಾಕಿ ಎಷ್ಟು, ಅದರಲ್ಲಿ ಬಡ್ಡಿ ಎಷ್ಟು. ಬತ್ತಿಹೋದ ಬೋರ್‌ವೆಲ್ಲಿಗೂ ಬಿಲ್ ಬರುತ್ತಿದ್ದರೆ ಅಲ್ಲೇ ಸಿಗುತ್ತದೆ. ಈ ಪಟ್ಟಿ ಗ್ರಾಮಸಭೆಯಲ್ಲಿ ಓದಿಸಿ, ಠರಾವು ಮಾಡಿ, ನಡಾವಳಿ ಪ್ರತಿ ಲಗತ್ತಿಸಿ ತಾಲ್ಲೂಕು ಪಂಚಾಯಿತಿ ಇಒಗೂ (ಕಾರ್ಯನಿರ್ವಾಹಕ ಅಧಿಕಾರಿ) ಜಿಲ್ಲಾ ಪಂಚಾಯಿತಿ ಸಿಇಒಗೂ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಕಳಿಸಿ. ಸ್ವೀಕೃತಿ ಮುದ್ರೆ ಬಿಡಬೇಡಿ, ಹಿಂಬರಹ (ಲಿಖಿತ ಉತ್ತರ) ಕೇಳಿ.

ಒಬ್ಬರೇ ಹೋಗಬೇಡಿ. ಅಕ್ಕಪಕ್ಕದ ಪಂಚಾಯಿತಿಗಳೂ ಇದೇ ಠರಾವು ಮಾಡಲಿ. ನಿಮ್ಮ ಕೈಲಿರುವ ದೊಡ್ಡ ಅಸ್ತ್ರ ಬೇರೆಯೇ ಇದೆ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ತುಂಬುವುದು ಸ್ಥಳೀಯ ಸಂಸ್ಥೆಗಳ ಸದಸ್ಯರ ಮತದಿಂದ. ಅದರಲ್ಲಿ ಗ್ರಾಮ ಪಂಚಾಯಿತಿಯವರದೇ ಸಿಂಹಪಾಲು. ನಿಮ್ಮ ಎಂಎಲ್‌ಸಿ ವೋಟು ಕೇಳಲು ಬರುತ್ತಾರಲ್ಲ, ಸದನದಲ್ಲಿ ಪ್ರಶ್ನೆ ಕೇಳಲು ಈ ಪಟ್ಟಿ ಅವರ ಕೈಗಿಡಿ.

ಪಕ್ಷದ ಬ್ಯಾನರ್ ಮಾತ್ರ ಹತ್ತಿರ ಬರಲು ಬಿಡಬೇಡಿ, ಅರ್ಧ ಪಂಚಾಯಿತಿಗಳು ಅಲ್ಲೇ ಹಿಂದೆ ಸರಿಯುತ್ತವೆ.