ಹೆಸರಿನ ಪಟ್ಟಿ ಬಿಡಿ, ತೋಬಿತನ ಕಥೆ ಓದಿ

ಕ್ರೈಸ್ತಳಲ್ಲದ ನಾನು ಕಥೋಲಿಕರ ದೇವದೂತರ ಬಗ್ಗೆ ತಿಳಿಯಬೇಕು, ಎಲ್ಲರ ಹೆಸರು, ಯಾರಿಗೆ ಯಾವ ಶಕ್ತಿ ಅಂತ ಇರುವ ಪಟ್ಟಿ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ದಯವಿಟ್ಟು ಪಟ್ಟಿಯಿಂದ ಶುರು ಮಾಡಬೇಡಿ. ನಾನು ಶುರು ಮಾಡಿದ್ದು ಅಲ್ಲಿಂದಲೇ.

ತುಮಕೂರಿನ ಬಿ.ಎಚ್. ರಸ್ತೆ ಹತ್ತಿರ ನನ್ನದು ಫ್ಲೆಕ್ಸ್ ಅಂಗಡಿ. ನಮ್ಮ ಮನೆಯವರು ಸಿದ್ಧಗಂಗಾ ಮಠಕ್ಕೆ ನಡೆದುಕೊಳ್ಳುವವರು. ಚರ್ಚಿನ ವಿಷಯ ನನಗೆ ಏನೂ ಗೊತ್ತಿರಲಿಲ್ಲ. ಒಬ್ಬ ಕಥೋಲಿಕ ಗಿರಾಕಿ ಬಂದು, ಸೆಪ್ಟೆಂಬರ್ 29 ಪ್ರಧಾನ ದೂತರ ಹಬ್ಬ, ಬ್ಯಾನರ್ ಬೇಕು ಅಂದರು. ಮಿಕಾಯೇಲ, ಗಬ್ರಿಯೇಲ, ರಫಾಯೇಲ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ನಡುವೆ ಶಿಲುಬೆ ಇಟ್ಟು ಮೂಲೆಗೊಂದು ಚಿತ್ರ ಕೂರಿಸಿದೆ. ಒಂದು ಮೂಲೆ ಖಾಲಿ ಉಳಿಯಿತು. ನೆಟ್‌ನಲ್ಲಿ ಹುಡುಕಿದರೆ ಉರಿಯೇಲ ಅಂತ ನಾಲ್ಕನೆಯವನು ಸಿಕ್ಕಿದ. ಕೈಯಲ್ಲಿ ಬೆಂಕಿ, ಚಿತ್ರ ಬಹಳ ಚೆನ್ನಾಗಿತ್ತು. ನಮ್ಮ ದಿಕ್ಪಾಲಕರ ಹಾಗೆ ಇವರೂ ದಿಕ್ಕಿಗೊಬ್ಬರು ಇರಬೇಕು ಅಂದುಕೊಂಡೆ. ನಮ್ಮಲ್ಲಿ ಇನ್ನೊಂದು ದೇವರ ಫೋಟೋ ಸೇರಿದರೆ ಯಾರೂ ಬೇಡ ಅನ್ನಲ್ಲ, ಅಲ್ವಾ? ಅದಕ್ಕೇ ಫೋನ್ ಮಾಡಿ ಕೇಳಬೇಕು ಅಂತಲೂ ಅನ್ನಿಸಲಿಲ್ಲ. ಗಿರಾಕಿ ಒಂದು ಹೆಸರು ಮರೆತಿದ್ದಾರೆ ಅಂತಲೇ ನಂಬಿ, ಖಾಲಿ ಮೂಲೆಗೆ ಉರಿಯೇಲನನ್ನೂ ಕೂರಿಸಿದೆ. ತಪ್ಪಾದದ್ದು ಇಲ್ಲೇ. ಅವರ ಚೀಟಿ ಪೂರ್ತಿಯಾಗಿಯೇ ಇತ್ತು. ಅವರ ನಂಬಿಕೆಯನ್ನು ನಾನು ನನ್ನ ಲೆಕ್ಕದಲ್ಲಿ ಭರ್ತಿ ಮಾಡಲು ಹೋದೆ.

ಬ್ಯಾನರ್ ವಾಪಸ್ ಬಂತು. ದುಡ್ಡೂ ಹೋಯಿತು, ಗಿರಾಕಿಯೂ ಹೋದರು.

ಕಾರಣ ತಿಳಿಯಲೇಬೇಕು ಅಂತ ಫಾದರ್ ಹತ್ತಿರ ಹೋದೆ. ಅವರು ಕೂರಿಸಿಕೊಂಡು ಹೇಳಿದರು. ಅವರ ಬೈಬಲ್‌ನಲ್ಲಿ ದೇವರ ದೂತರು ಅಂತ ಹೆಸರು ಹೇಳಿರುವುದು ಈ ಮೂವರದ್ದೇ. ಉರಿಯೇಲ ಬರುವುದು ಅದಕ್ಕೆ ಸೇರದ ಹಳೆಯ ಗ್ರಂಥಗಳಲ್ಲಿ. ಇಥಿಯೋಪಿಯಾದ ಆರ್ಥೊಡಾಕ್ಸ್ ಚರ್ಚು ಅವನನ್ನು ಗೌರವಿಸುತ್ತದೆ, ಅದು ಬೇರೆ ಪರಂಪರೆ. ರೋಮಿನಲ್ಲಿ 745ರಲ್ಲೇ ಪೋಪ್ ಜಕರಿಯ ಸಭೆ ಸೇರಿಸಿ, ಇಂಥ ಹೆಸರು ಹಿಡಿದು ಪ್ರಾರ್ಥಿಸುವುದನ್ನು ತಳ್ಳಿಹಾಕಿದರು. ಈ ಮೂರು ಬಿಟ್ಟು ದೂತರಿಗೆ ಬೇರೆ ಹೆಸರಿಡುವುದು ಬೇಡ ಅಂತ 2001ರಲ್ಲಿ ವ್ಯಾಟಿಕನ್ ಮತ್ತೆ ಹೇಳಿತು. ಯೂಟ್ಯೂಬಿನಲ್ಲಿ 1111 ಕಂಡರೆ ದೂತರ ಸಂದೇಶ ಅಂತಾರಲ್ಲ, ಅದಕ್ಕೂ ಕಥೋಲಿಕರಿಗೂ ಸಂಬಂಧವೇ ಇಲ್ಲ.

'ಯಾರಿಗೆ ಯಾವ ಶಕ್ತಿ' ಅನ್ನುವ ಪ್ರಶ್ನೆಯನ್ನೂ ಬಿಡಿ. ಅವರ ನಂಬಿಕೆಯಲ್ಲಿ ದೂತರು ದೇವರಲ್ಲ, ದೇವರು ಸೃಷ್ಟಿಸಿದವರು. ಶರೀರ ಇಲ್ಲ, ಬುದ್ಧಿ ಮತ್ತು ಸ್ವಂತ ಇಚ್ಛೆ ಇದೆ. ಆರಾಧನೆ ದೇವರಿಗೆ ಮಾತ್ರ. ದೂತರನ್ನು ಕೇಳಿಕೊಳ್ಳುವುದು, ನಮಗಾಗಿ ದೇವರಲ್ಲಿ ಬೇಡಿ ಅಂತ. ಸತ್ತವರು ದೇವದೂತರಾಗುತ್ತಾರೆ ಅನ್ನುವುದೂ ಅವರ ಬೋಧನೆ ಅಲ್ಲ. ಸಾವಿನ ಮನೆಯಲ್ಲಿ ಹಾಗೆ ಹೇಳಬೇಡಿ.

ನನ್ನ ಮಾತು ಕೇಳುವುದಾದರೆ ಮೊದಲು ಬೈಬಲ್‌ನಲ್ಲಿ ಬರುವ ತೋಬಿತನ ಪುಸ್ತಕ ಓದಿ. 14 ಅಧ್ಯಾಯ ಅಷ್ಟೇ. ಕಥೋಲಿಕರ ಬೈಬಲ್ಲೇ ತೆಗೆದುಕೊಳ್ಳಿ, ಪ್ರಾಟೆಸ್ಟಂಟರದ್ದರಲ್ಲಿ ಸಾಮಾನ್ಯವಾಗಿ ಈ ಪುಸ್ತಕ ಇರಲ್ಲ. ಕುರುಡ ತಂದೆ ತೋಬಿತ ದೂರದೂರಿನಲ್ಲಿ ಒಬ್ಬರ ಹತ್ತಿರ ಇಟ್ಟಿದ್ದ ಹಣ ತರಲು ಮಗನನ್ನು ಕಳಿಸುತ್ತಾನೆ. ದಾರಿಗೆ ಜೊತೆಯಾಗಿ ಒಬ್ಬ ಅಪರಿಚಿತ ಸಿಗುತ್ತಾನೆ. ಮನೆಯ ನಾಯಿಯೂ ಹಿಂದೆಯೇ ಹೊರಡುತ್ತದೆ. ಹುಡುಗ ತೈಗ್ರಿಸ್ ನದಿಯಲ್ಲಿ ಹಿಡಿದ ಮೀನಿನ ಪಿತ್ತದಿಂದ ಕೊನೆಗೆ ತಂದೆಗೆ ಕಣ್ಣು ಬರುತ್ತದೆ. ಆಗ ಆ ಜೊತೆಗಾರ ತಾನು ರಫಾಯೇಲ, ನಿಮ್ಮ ಪ್ರಾರ್ಥನೆಗಳನ್ನು ದೇವರ ಮುಂದೆ ಇಟ್ಟವನು ನಾನೇ ಅನ್ನುತ್ತಾನೆ. ಅಲ್ಲಿವರೆಗೂ ಅವನು ಯಾರಂತ ಆ ಮನೆಯಲ್ಲಿ ಯಾರಿಗೂ ಗೊತ್ತಿರಲ್ಲ. ದೂತ ಅಂದರೆ ಏನು ಅಂತ ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆಯೇ.

ಆಮೇಲೆ ಸೆಪ್ಟೆಂಬರ್ 29ಕ್ಕೋ, ಕಾವಲು ದೂತರ ದಿನವಾದ ಅಕ್ಟೋಬರ್ 2ಕ್ಕೋ ಹತ್ತಿರದ ಚರ್ಚಿನ ಪೂಜೆಗೆ ಹೋಗಿ. ಅಲ್ಲಿ 'ಪವಿತ್ರ' ಅಂತ ಮೂರು ಸಲ ಬರುವ ಸ್ತುತಿ ಹಾಡುತ್ತಾರೆ, ದೂತರ ಜೊತೆ ಸೇರಿ ಹಾಡುತ್ತೇವೆ ಅಂತ ಹೇಳಿಕೊಂಡೇ. ಆ ಮಾತು ಬೈಬಲ್‌ನ ಯೆಶಾಯನ ಪುಸ್ತಕದ 6ನೇ ಅಧ್ಯಾಯದಲ್ಲಿ ದೂತರು ಹಾಡಿದ್ದು. ಓದಿಕೊಂಡು ಹೋದರೆ ಜಾಸ್ತಿ ಅರ್ಥವಾಗುತ್ತದೆ. ನಂತರ ಜನ ಸಾಲಾಗಿ ಹೋಗಿ ಪರಮಪ್ರಸಾದ ತೆಗೆದುಕೊಳ್ಳುತ್ತಾರೆ. ನಮ್ಮ ಗುಡಿಗಳ ಪ್ರಸಾದದಂತೆ ಅದು ಎಲ್ಲರಿಗೂ ಕೊಡುವುದಲ್ಲ, ಸಾಲಿಗೆ ಸೇರಬೇಡಿ. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರಿ, ಯಾರೂ ಏನೂ ಅನ್ನಲ್ಲ.