ಪರದೆಯ ಹಿಂದೆ ಉರುಳದ ದಾಳ

ಪ್ರಿಯ ಬರಹಗಾರರೇ,

ಸೋಮವಾರಪೇಟೆಯಿಂದ ನೀವು ಕಳಿಸಿದ ‘ಮಳೆಗಾಲಕ್ಕೆ ಮೂರು ಆಟ’ ಕೈಸೇರಿತು. ಗಾಳಿಮಳೆಗೆ ಕರೆಂಟು ಹೋದ ಜುಲೈ ಸಂಜೆ, ತೋಟದ ಮನೆಯ ಜಗಲಿ, ಎಮರ್ಜೆನ್ಸಿ ಲೈಟಿನ ಸುತ್ತ ಐದು ಜನ, ಇಸ್ಪೀಟಿನ ಕಟ್ಟು ಬದಿಗಿಟ್ಟು ದಾಳ ಕೈಗೆತ್ತಿಕೊಳ್ಳುವುದು: ಶುರು ಚೆನ್ನಾಗಿದೆ. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳನ್ನು (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಮಾತಿನಲ್ಲೇ ಕಥೆ ಕಟ್ಟುವ ಆಟಗಳು; ಹೆಚ್ಚಿನವಕ್ಕೆ ಆಟ ನಡೆಸುವವರು ಒಬ್ಬರಿರುತ್ತಾರೆ) ಕನ್ನಡದಲ್ಲಿ ವಿಮರ್ಶಿಸಬೇಕು ಅನ್ನಿಸಿದ್ದೂ ಒಳ್ಳೆಯದೇ. ಇನ್ನು ಜಗಳಕ್ಕೆ ಬರುತ್ತೇನೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಭಾಗದ ತಂಟೆಗೆ ಹೋಗುವುದಿಲ್ಲ. 1974ರಿಂದ ಇರುವ ಆಟ, ಹೇಳಬೇಕಾದ್ದನ್ನು ಹೇಳಿದ್ದೀರಿ. (ಅಪಾಯದಿಂದ ಪಾರಾಗಲು ದಾಳ ಉರುಳಿಸುವ ‘ಸೇವಿಂಗ್ ಥ್ರೋ’ಗೆ ‘ಉಳಿಸುವ ಎಸೆತ’ ಎಂದದ್ದನ್ನು ಮಾತ್ರ ಹೊಡೆದುಹಾಕಿದ್ದೇನೆ. ಆಡುವಾಗ ಯಾರ ಬಾಯಲ್ಲೂ ಅದು ಬರುವುದಿಲ್ಲ.) ಸಿಟ್ಟು ಬಂದದ್ದು ಎರಡನೆಯ ಆಟದ ಪ್ಯಾರಾ ಓದಿ. ವಿನ್ಸೆಂಟ್ ಬೇಕರ್ 2010ರಲ್ಲಿ ತಂದ ಅಪೋಕ್ಯಾಲಿಪ್ಸ್ ವರ್ಲ್ಡ್ ಬಗ್ಗೆ ನಿಮ್ಮ ಸಾಲು ಹೀಗಿದೆ:

“ಆಟ ನಡೆಸುವವರು ಪರದೆಯ ಹಿಂದೆ ದಾಳ ಉರುಳಿಸುವ ಸದ್ದು ಕೇಳಿದಾಗ ಎದೆ ಝಲ್ಲೆನ್ನುತ್ತದೆ.”

ಈ ಆಟದಲ್ಲಿ ನಡೆಸುವವರು ದಾಳವನ್ನೇ ಮುಟ್ಟುವುದಿಲ್ಲ. ಅವರನ್ನು ಎಂ.ಸಿ. (ಮಾಸ್ಟರ್ ಆಫ್ ಸೆರೆಮನೀಸ್) ಎಂದು ಕರೆಯುತ್ತಾರೆ. ಉರುಳಿಸುವವರು ಆಟಗಾರರು ಮಾತ್ರ, ಅದೂ ಎಲ್ಲರ ಕಣ್ಣೆದುರು. ಆಟಗಾರರಿಗೆ ಗರ ಕೆಟ್ಟು ಬಿದ್ದಾಗ, ಇಲ್ಲವೇ ‘ಮುಂದೇನು?’ ಎಂದು ಎಲ್ಲರೂ ಎಂ.ಸಿ.ಯ ಮುಖ ನೋಡಿದಾಗ, ಪುಸ್ತಕದಲ್ಲೇ ಅಚ್ಚಾಗಿರುವ ಪಟ್ಟಿಯಿಂದ ಅವರು ಒಂದನ್ನು ಆರಿಸುತ್ತಾರೆ: ಜೊತೆಗಿದ್ದವರನ್ನು ಬೇರೆ ಮಾಡುವುದು, ಕೈಲಿದ್ದ ಸಾಮಾನು ಕಸಿಯುವುದು, ಬರಲಿರುವ ಕೇಡಿನ ಸುಳಿವು ಕೊಡುವುದು, ಪೆಟ್ಟು ಕೊಡುವುದು. ಮುಚ್ಚಿಡಲು ದಾಳವೇ ಇಲ್ಲದ ಮೇಲೆ ಪರದೆ ಯಾತಕ್ಕೆ? ಹಾಗಾದರೆ ನಿಮ್ಮ ಎದೆ ಝಲ್ಲೆಂದದ್ದು ಯಾವ ಸದ್ದಿಗೆ? ನಡೆಸುವವರು ಪರದೆಯ ಹಿಂದೆ ದಾಳ ಉರುಳಿಸುವುದು ಮೊದಲನೆಯ ಆಟದಲ್ಲಿ. ಆ ಸದ್ದನ್ನು ತಂದು ಎರಡನೆಯದರಲ್ಲಿ ಕೂರಿಸಿದ್ದೀರಿ. ಎರಡನೆಯದನ್ನು ನೀವು ಆಡಿಲ್ಲ.

ಅದರ ಮುಂದಿನ ಸಾಲು: “ಆರು ಮುಖದ ಎರಡೇ ದಾಳ, ಹಾಗಾಗಿ ಹೊಸಬರಿಗೆ ಬಹಳ ಸುಲಭ.”

ಎರಡು ದಾಳ ನಿಜ. ಬಿದ್ದ ಮೊತ್ತಕ್ಕೆ ಪಾತ್ರದ ಗುಣಾಂಕ, ಅಂದರೆ ಆ ಬಗೆಯ ಕೆಲಸದಲ್ಲಿ ಪಾತ್ರ ಎಷ್ಟು ಗಟ್ಟಿ ಎಂದು ತೋರಿಸುವ ಅಂಕಿ, ಸೇರಿಸಬೇಕು. 10 ಅಥವಾ ಮೇಲೆ ಬಂದರೆ ಅಂದುಕೊಂಡದ್ದು ಆಯಿತು, 6 ಅಥವಾ ಕೆಳಗಾದರೆ ಎಂ.ಸಿ.ಯ ಕೈಗೆ ಸಿಕ್ಕಿದಿರಿ, 7ರಿಂದ 9 ಆದರೆ ಕೆಲಸ ಆಗುತ್ತದೆ, ಜೊತೆಗೊಂದು ತೊಡಕು ಬರುತ್ತದೆ. ಎರಡು ದಾಳ 36 ರೀತಿ ಬೀಳಬಹುದು. ಗುಣಾಂಕ +1 ಇರುವವರಿಗೆ ಲೆಕ್ಕ ಹಾಕಿ ನೋಡಿ: 10 ರೀತಿಯಲ್ಲಿ ಪೂರ್ತಿ ಗೆಲುವು, 10 ರೀತಿಯಲ್ಲಿ ಸೋಲು, 16 ರೀತಿಯಲ್ಲಿ ನಡುವಿನದು. ಅಂದರೆ ಹೆಚ್ಚು ಸಲ ಬೀಳುವುದೇ ಆ ನಡುವಿನ ಗರ, ಮತ್ತು ಎಷ್ಟೋ ಸಲ ಎಂ.ಸಿ. ಅಲ್ಲೇ ಕೂತಲ್ಲಿ ಒಂದು ತೊಡಕು ಹುಟ್ಟಿಸಬೇಕು.

ಒಂದು ಸಂದರ್ಭ ತೆಗೆದುಕೊಳ್ಳಿ. ಆಟಗಾರ್ತಿ ಹೇಳುತ್ತಾಳೆ, ‘ಕಾವಲಿನವರು ಆ ಕಡೆ ತಿರುಗಿದಾಗ ಮುಳ್ಳುತಂತಿ ಬೇಲಿ ನುಸುಳುತ್ತೇನೆ.’ 5 ಮತ್ತು 3 ಬಿತ್ತು, +1 ಸೇರಿ 9. ಕೈ ಪಳಗಿದ ಎಂ.ಸಿ. ಹೇಳುವುದು: ‘ನೀನು ಆಚೆ ಬಂದಾಯಿತು, ಚೀಲ ತಂತಿಗೆ ಸಿಕ್ಕಿಕೊಂಡಿದೆ. ಬಿಟ್ಟು ಓಡುತ್ತೀಯೋ, ಬಿಡಿಸಿಕೊಳ್ಳುತ್ತಾ ನಿಲ್ಲುತ್ತೀಯೋ?’ ಹೊಸಬರಿಗೆ ಆ ಕ್ಷಣ ಏನೂ ಹೊಳೆಯುವುದಿಲ್ಲ. ‘ಹ್ಞೂಂ, ದಾಟಿದೆ’ ಎಂದುಬಿಡುತ್ತಾರೆ. ನಾಲ್ಕು ಸಲ ಹಾಗಾದರೆ 7 ಬಿದ್ದರೂ ಒಂದೇ, 12 ಬಿದ್ದರೂ ಒಂದೇ ಎಂದು ಎಲ್ಲರಿಗೂ ಗೊತ್ತಾಗುತ್ತದೆ, ಆಟ ಸಪ್ಪೆಯಾಗುತ್ತದೆ. ಇದಕ್ಕೆ ಉಪಾಯ ಇದೆ. ಅರ್ಧ ಹಾಳೆಯಲ್ಲಿ ಐದು ಪದ ಬರೆದು ಮುಂದಿಟ್ಟುಕೊಂಡರಾಯಿತು: ಹೊತ್ತು, ಸಾಮಾನು, ಸದ್ದು, ಗಾಯ, ಋಣ. ಹೊಳೆಯದಾಗ ಅದರಲ್ಲೊಂದು. ಅದೂ ಆಗದಿದ್ದರೆ ಆಟಗಾರರನ್ನೇ ‘ಏನು ಕಳೆದುಕೊಂಡೆ?’ ಎಂದು ಕೇಳಬಹುದು. ‘ಬಹಳ ಸುಲಭ’ ಎಂಬ ಜಾಗದಲ್ಲಿ ಇದು ಬರಬೇಕಿತ್ತು. ಆಟಗಾರರಿಗೆ ಸುಲಭ, ನಡೆಸುವವರಿಗೆ ಮೊದಲ ಸಂಜೆ ಬೆವರು.

ನಾನು ಪ್ರೂಫ್ ತಿದ್ದಲು ಕಲಿತದ್ದು ಕೃಷಿ ಪುಟದಲ್ಲಿ. ಕಾಫಿಯ ಶಿಲೀಂಧ್ರ ರೋಗಕ್ಕೆ ‘ಬೋರ್ಡೋ ದ್ರಾವಣ ಸಿಂಪಡಿಸಿ’ ಎಂದಷ್ಟೇ ಇದ್ದ ಸಾಲು ಹಿರಿಯರ ಮೇಜು ದಾಟುತ್ತಿರಲಿಲ್ಲ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕಬ್ಬಿಣದ ಪಾತ್ರೆ ಕೂಡದು. ಕೊನೆಗೆ ಉಜ್ಜಿದ ಚಾಕು ಅದ್ದಿ ನೋಡಬೇಕು, ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ಲೆಕ್ಕ. ಇಷ್ಟೂ ಇದ್ದರೆ ಮಾತ್ರ ಪುಟಕ್ಕೆ. ಓದಿದವರು ಮರುದಿನ ಬೆಳಿಗ್ಗೆ ಅದನ್ನೇ ನಂಬಿ ಡ್ರಮ್ಮಿಗೆ ನೀರು ತುಂಬಿಸುತ್ತಾರೆ. ನಿಮ್ಮ ಲೇಖನಕ್ಕೂ ಕೆಂಪು ಶಾಯಿ ಬಿದ್ದದ್ದು ಅದೇ ಅಭ್ಯಾಸದಿಂದ.

ಆ ಕಣ್ಣಿನಿಂದಲೇ ಈ ಸಾಲು ಓದಿ: “ಒಂದು ಸೆಟ್ ದಾಳ ತರಿಸಿಕೊಂಡರೆ ಮೂರೂ ಆಟಕ್ಕೆ ಸಾಕು.” ಮಾಮೂಲಿ ಸೆಟ್ಟಿನಲ್ಲಿ ಏಳು ದಾಳ ಇರುತ್ತವೆ: 4, 6, 8, 12, 20 ಮುಖದವು ಒಂದೊಂದು, 10 ಮುಖದವು ಎರಡು. ಆರು ಮುಖದ್ದು ಒಂದೇ! ಎರಡನೆಯ ಆಟಕ್ಕೇ ಅದು ಸಾಲದು, ಅದನ್ನೇ ಎರಡು ಸಲ ಉರುಳಿಸುತ್ತಾ ಕೂರಬೇಕು. ನಿಮ್ಮ ಮೂರನೆಯ ಆಟ ಫಿಯಾಸ್ಕೋ. ಜೇಸನ್ ಮಾರ್ನಿಂಗ್‌ಸ್ಟಾರ್ 2009ರಲ್ಲಿ ತಂದ ಮೂಲ ರೂಪದಲ್ಲಿ ಅದಕ್ಕೆ ತಲೆಗೆ ನಾಲ್ಕು ದಾಳ, ಎರಡು ಒಂದು ಬಣ್ಣದ್ದು, ಎರಡು ಇನ್ನೊಂದು ಬಣ್ಣದ್ದು. ಜಗಲಿಯಲ್ಲಿ ಐದು ಜನರನ್ನು ಕೂರಿಸಿದ್ದೀರಿ, ಅಂದರೆ ಆರು ಮುಖದ 20 ದಾಳ. ನಿಮ್ಮ ಮಾತು ಕೇಳಿದವರು ಏಳರ ಸೆಟ್ ತರಿಸಿ, ಕೂತ ಮೇಲೆ ನಿಮ್ಮನ್ನು ನೆನೆಸಿಕೊಳ್ಳುತ್ತಾರೆ. ಪೇಟೆಯ ಆಟಿಕೆ ಅಂಗಡಿಯಲ್ಲಿ ಲೂಡೋದ ಬಿಳಿ ದಾಳ ಸಿಗುತ್ತವೆ, ಅರ್ಧಕ್ಕೆ ಉಗುರುಬಣ್ಣದ ಚುಕ್ಕೆ ಇಟ್ಟರೆ ಎರಡು ಬಣ್ಣ ಆಯಿತು ಎಂದು ಬರೆದಿದ್ದರೆ ನಿಮಗೆ ದೊಡ್ಡ ನಮಸ್ಕಾರ ಹಾಕುತ್ತಿದ್ದೆ.

ಕೊನೆಯ ಸಾಲಿಗೆ ಬರೋಣ. “ಮೂರೂ ಆಟಗಳು ಮನೆಮಂದಿಯೆಲ್ಲ ಕೂತು ಆಡುವಂಥವು.” ಪುತ್ತರಿ ಹಬ್ಬಕ್ಕೆ ಊರಿಗೆ ಬಂದ ನೆಂಟರೊಡನೆ ಆಡಿ ಎಂದು ಬೇರೆ ಸೇರಿಸಿದ್ದೀರಿ. ಅಪೋಕ್ಯಾಲಿಪ್ಸ್ ವರ್ಲ್ಡ್‌ನಲ್ಲಿ 2010ರ ಪುಸ್ತಕದ ಪ್ರಕಾರ ಪ್ರತಿಯೊಂದು ಪಾತ್ರದ ಹಾಳೆಯಲ್ಲೂ, ಆ ಪಾತ್ರ ಇನ್ನೊಬ್ಬರ ಜೊತೆ ಮಲಗಿದರೆ ಏನಾಗುತ್ತದೆ ಎಂಬ ನಿಯಮ ಅಚ್ಚಾಗಿದೆ. ಅದು ಪೋಲಿತನಕ್ಕೆ ಇಟ್ಟದ್ದಲ್ಲ, ಪಾತ್ರಗಳ ನಡುವಿನ ಸಂಬಂಧವನ್ನು ಆಟ ಹಿಡಿಯುವ ಬಗೆ. ಆದರೆ ಅಜ್ಜಿಯ ಎಡಕ್ಕೆ ಕೂತ ಹನ್ನೆರಡರ ಮೊಮ್ಮಗ ಆ ಹಾಳೆಯನ್ನು ಗಟ್ಟಿಯಾಗಿ ಓದಿದರೆ? ನೆಂಟರ ನಡುವೆ ನಿಮ್ಮ ಓದುಗರ ಗತಿ ಏನು? ಪುಸ್ತಕ ತಿರುವಿ ಹಾಕಿದ್ದರೂ ಇದು ಕಣ್ಣಿಗೆ ಬೀಳುತ್ತಿತ್ತು. ಇಲ್ಲೇ ನನಗೆ ತಾಳ್ಮೆ ತಪ್ಪಿದ್ದು.

ಶಿಫಾರಸು ಮಾಡುವಾಗ ‘ಎಲ್ಲರಿಗೂ’ ಎಂದು ಬರೆಯಬೇಡಿ. ಎಷ್ಟು ಜನ, ಎಷ್ಟು ವಯಸ್ಸು, ಎಷ್ಟು ಗಂಟೆ, ಮೊದಲೇ ಓದಿ ತಯಾರಾಗಿ ಬರುವವರು ಒಬ್ಬರಾದರೂ ಇದ್ದಾರೋ ಇಲ್ಲವೋ? ಇಷ್ಟು ಹೇಳಿದರೆ ಅರ್ಧ ವಿಮರ್ಶೆ ಮುಗಿಯಿತು. ಫಿಯಾಸ್ಕೋಗೆ ನಡೆಸುವವರೇ ಬೇಡ, 3ರಿಂದ 5 ಜನ ಸಾಕು. ಆದರೆ ತಲೆಗೆ ನಾಲ್ಕು ದೃಶ್ಯ ಇವೆ. ಐವರಾದರೆ 20 ದೃಶ್ಯ. ಮೂರು ಗಂಟೆಯಲ್ಲಿ ಪಾತ್ರಗಳ ನಂಟು ಹೆಣೆಯಲು 40 ನಿಮಿಷ ತೆಗೆದರೆ ದೃಶ್ಯಕ್ಕೆ ಉಳಿಯುವುದು ಏಳೇ ನಿಮಿಷ. ನಮ್ಮವರು ಮಾತಿಗೆ ಕೂತರೆ ಏಳು ನಿಮಿಷಕ್ಕೆ ನಿಲ್ಲುತ್ತಾರೆಯೇ! ನಾಲ್ವರಾದರೆ 16 ದೃಶ್ಯ, ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ. ಇದೂ ಆಸೆಬುರುಕರ ಎಡವಟ್ಟುಗಳ ಕಥೆ, ಚೂರಿ ಬಂದೂಕು ಬರುತ್ತವೆ, ಮಕ್ಕಳು ಮಲಗಿದ ಮೇಲಿನ ಆಟ. ಜಾನ್ ಸ್ಟಾವ್ರೊಪೌಲಸ್ ಅವರ ಎಕ್ಸ್ ಕಾರ್ಡ್ ಬಗ್ಗೆಯೂ ಒಂದು ಸಾಲು ಹಾಕಿ: ಚೀಟಿಯ ಮೇಲೆ ‘ಎಕ್ಸ್’ ಗುರುತು ಬರೆದು ನಡುವೆ ಇಡುವುದು, ಯಾರಾದರೂ ಮುಟ್ಟಿದರೆ ಆ ವಿಷಯ ಅಲ್ಲಿಗೇ ಬಿಡುವುದು, ಕಾರಣ ಕೇಳುವಂತಿಲ್ಲ.

ಈಗ ಮಾಡಬೇಕಾದ್ದು. ಮೂರು ಆಟ ಬಿಡಿ, ಫಿಯಾಸ್ಕೋ ಒಂದನ್ನೇ ಇಟ್ಟುಕೊಳ್ಳಿ. ನಾಲ್ವರನ್ನು ಕೂರಿಸಿ ಎರಡು ಸಂಜೆ ಆಡಿ. ಮೊದಲ ಸಂಜೆ ನಿಯಮ ಹುಡುಕುವುದರಲ್ಲೇ ಹೋಗುತ್ತದೆ, ಅದರ ಮೇಲೆ ತೀರ್ಪು ಬರೆದರೆ ಅನ್ಯಾಯ. ಪಕ್ಕದಲ್ಲಿ ನೋಟ್‌ಬುಕ್ ಇರಲಿ. ಮೊದಲ ದೃಶ್ಯ ಎಷ್ಟು ಹೊತ್ತಿಗೆ ಶುರುವಾಯಿತು, ಪುಸ್ತಕ ಎಷ್ಟು ಸಲ ತೆರೆದಿರಿ, ಯಾರು ಅರ್ಧ ಗಂಟೆ ಬಾಯಿ ಬಿಡಲಿಲ್ಲ ಎಂದು ಗುರುತು ಹಾಕಿ. ಕಥೆ ಏನಾಯಿತು ಎಂದು ಎರಡು ಸಾಲಿಗಿಂತ ಹೆಚ್ಚು ಬರೆಯಬೇಡಿ, ನಿಮ್ಮ ಬೇರೆ ಪ್ಯಾರಾಗಳಲ್ಲಿ ಆ ಚಟ ಕಂಡೆ. 900 ಪದ. ಕೈಲ್ ಪೊಳ್ದ್ ಹಬ್ಬದ ಸಂಚಿಕೆಗೆ ಬೇಕಾದರೆ ಆಗಸ್ಟ್ 10ರೊಳಗೆ ತಲುಪಲಿ, ಜೊತೆಗೆ ಉಗುರುಬಣ್ಣ ಹಚ್ಚಿದ ದಾಳಗಳ ಒಂದು ಫೋಟೋ.

ಇಂತು,
ಸಂಪಾದಕ